ಮೂರು ಬುಟ್ಟಿ ಆಟಿಕೆ, ಆದರೂ ಮಗು ಆಡಲ್ಲ

ಹೋದ ತಿಂಗಳು ಬಂದ ಪ್ರಶ್ನೆಯೇ ಈ ತಿಂಗಳೂ ಬಂದಿದೆ. ಕ್ಲಿನಿಕ್‌ನಲ್ಲೂ ದಿನಕ್ಕೆ ಒಬ್ಬರಾದರೂ ಕೇಳುತ್ತಾರೆ. ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ಪ್ರಶ್ನೆ: ಮಗನಿಗೆ ಎರಡು ವರ್ಷ. ರಾಜಾಜಿನಗರದಲ್ಲಿ ಚಿಕ್ಕ ಬಾಡಿಗೆ ಮನೆ. ಮೂರು ಬುಟ್ಟಿ ಆಟಿಕೆ ಇದೆ. ಎಲ್ಲ ಸುರಿದು ಎದ್ದು ಹೋಗುತ್ತಾನೆ. ಯಾವ ಆಟಿಕೆ ತಂದರೆ ಕೂತು ಆಡುತ್ತಾನೆ?

ಉತ್ತರ: ದಯವಿಟ್ಟು ಇನ್ನೊಂದು ತರಬೇಡಿ. ಇಷ್ಟು ಚಿಕ್ಕ ಮಗು ಒಂದನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಮತ್ತೊಂದು ಕಣ್ಣಿಗೆ ಬೀಳುತ್ತದೆ. 2018ರಲ್ಲಿ ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳ ಮುಂದೆ ಒಮ್ಮೆ 4 ಆಟಿಕೆ, ಇನ್ನೊಮ್ಮೆ 16 ಆಟಿಕೆ ಇಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದನ್ನೂ ಜಾಸ್ತಿ ಹೊತ್ತು, ಬೇರೆ ಬೇರೆ ಥರ ಆಡಿದರು.

ಇವತ್ತು ರಾತ್ರಿ ಅವನು ಮಲಗಿದ ಮೇಲೆ ಐದಾರು ಆಟಿಕೆ ಉಳಿಸಿ, ಮಿಕ್ಕಿದ್ದನ್ನು ಅಟ್ಟಕ್ಕೆ ಹಾಕಿ. ಎರಡು ಮೂರು ವಾರಕ್ಕೊಮ್ಮೆ ಒಂದೆರಡು ಬದಲಿಸಿ. ಅಟ್ಟದಿಂದ ಇಳಿದದ್ದು ಅವನಿಗೆ ಹೊಸದೇ ಅಲ್ವಾ? ಅತ್ತೆ, ಚಿಕ್ಕಪ್ಪ ಹುಟ್ಟುಹಬ್ಬಕ್ಕೆ ಏನು ತರಲಿ ಅಂತ ಕೇಳಿದರೆ ಸಂಕೋಚ ಬಿಟ್ಟು ಚೆಂಡು, ಪುಸ್ತಕ ಅಂತ ಹೇಳಿ.

ಯಾವುದನ್ನು ಉಳಿಸಬೇಕು? ಗುಂಡಿ ಒತ್ತಿದರೆ ಹಾಡಿ ಕುಣಿಯುವುದು ಬೇಡ. ಅದರ ಮುಂದೆ ಮಗು ಸುಮ್ನೆ ನೋಡುತ್ತಾ ಕೂರುತ್ತದೆ. ಮರದ ತುಂಡುಗಳು ಇರಲಿ. ಇವತ್ತು ಒಂದರ ಮೇಲೊಂದು ಇಟ್ಟು ಬೀಳಿಸುತ್ತಾನೆ. ನಾಲ್ಕನೇ ವರ್ಷಕ್ಕೆ ಅದೇ ತುಂಡು ಮೆಜೆಸ್ಟಿಕ್‌ಗೆ ಹೋಗುವ ಬಸ್ಸು, ಆರಕ್ಕೆ ಕೋಟೆ. ಚೆಂಡು, ಗೊಂಬೆ, ತಳ್ಳುವ ಗಾಡಿ, ಅಡುಗೆ ಆಟದ ಸಾಮಾನು ಕೂಡ ಹಾಗೇ ವರ್ಷಗಟ್ಟಲೆ ಬರುತ್ತವೆ.

ಕೊಳ್ಳಲೇಬೇಕು ಅಂದರೆ ಚನ್ನಪಟ್ಟಣ ಬೆಂಗಳೂರಿಂದ ಸುಮಾರು 60 ಕಿಲೋಮೀಟರ್. ಅಲ್ಲಿ ಆಲೆ ಮರವನ್ನು ಒಣಗಿಸಿ, ಲೇತ್ ಅನ್ನುವ ತಿರುಗುವ ಯಂತ್ರಕ್ಕೆ ಕೊಟ್ಟು ಕಡೆಯುತ್ತಾರೆ. ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ನೀರಲ್ಲಿ ನೆನೆಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮರದ್ದೆಲ್ಲ ಅರಗಿನದ್ದಲ್ಲ ಅನ್ನುವುದೂ ನೆನಪಿರಲಿ. ಉಗುರಲ್ಲಿ ಕೆರೆದರೆ ಬಣ್ಣ ಏಳುವಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ. ಅಗ್ಗದ ಪೇಂಟಿನಲ್ಲಿ ಸೀಸ ಇರಬಹುದು, ಮಗು ಅದನ್ನು ಬಾಯಿಗೆ ಹಾಕುತ್ತದೆ. ಪ್ಲಾಸ್ಟಿಕ್ ತಗೊಂಡರೆ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ಅದು ಕಡ್ಡಾಯ.

ಬಟನ್ ಸೆಲ್, ಅಂದರೆ ನಾಣ್ಯದಂಥ ಪುಟ್ಟ ಬ್ಯಾಟರಿ, ಇರುವ ಆಟಿಕೆಯನ್ನು ಮಾತ್ರ ಅಟ್ಟದ ಮೇಲೂ ಇಡಬೇಡಿ. ನಾನು ಜಾಸ್ತಿ ಹೆದರಿಸುತ್ತೇನೆ ಅಂತ ಕೆಲವರಿಗೆ ಬೇಸರವಿದೆ. ಇರಲಿ. ಆ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಆಗಬಹುದು. ಬಾಳೆಹಣ್ಣು ತಿನ್ನಿಸಿ, ನಾಳೆ ಹೊರಗೆ ಬರುತ್ತೆ ಅಂತ ಹೇಳುವವರ ಮಾತು ಕೇಳಬೇಡಿ. ವಾಂತಿ ಮಾಡಿಸಬೇಡಿ. ನುಂಗಿರಬಹುದು ಅಂತ ಅನುಮಾನ ಬಂದರೂ ಸಾಕು, ತಕ್ಷಣ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ. ಚಿಕ್ಕ ಅಯಸ್ಕಾಂತದ ಗುಂಡುಗಳೂ ಅಷ್ಟೇ ಅಪಾಯ. ಎರಡು ನುಂಗಿದರೆ ಕರುಳನ್ನು ಮಧ್ಯೆ ಸಿಕ್ಕಿಸಿಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಕರುಳು ತೂತಾಗಬಹುದು.

ಪ್ರಶ್ನೆ: ಮಿಡ್‌ಬ್ರೈನ್ ಆಕ್ಟಿವೇಷನ್ ಕ್ಲಾಸಿನವರು ಬುದ್ಧಿ ಹೆಚ್ಚಿಸುವ ಆಟಿಕೆ ಕಿಟ್ ಕೊಡುತ್ತಾರಂತೆ. ತಗೊಳ್ಳಲಾ?

ಉತ್ತರ: ಬೇಡ. ಮಗುವಿನ ಮಿದುಳಿನ ಮಧ್ಯಭಾಗ ಚುರುಕು ಮಾಡಿ, ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತೇವೆ ಅನ್ನುವ ಈ ಕ್ಲಾಸು ಶುದ್ಧ ಮೋಸ. ಅಂಥವರಿಗೆ ದುಡ್ಡೂ ಕೊಡಬೇಡಿ, ಮಗುವನ್ನೂ ಕಳಿಸಬೇಡಿ.

ಪ್ರಶ್ನೆ: ವಾಕರ್‌ನಲ್ಲಿ ಕೂರಿಸಿದರೆ ಮಗಳು ಬೇಗ ನಡೆಯುತ್ತಾಳಾ?

ಉತ್ತರ: ಇಲ್ಲ. ಕೆನಡಾದಲ್ಲಿ 2004ರಲ್ಲೇ ಅದನ್ನು ನಿಷೇಧಿಸಿದ್ದಾರೆ. ನೆಲಕ್ಕೆ ಬಿಡಿ.

ಪ್ರಶ್ನೆ: ಗಂಡು ಮಗುವಿಗೆ ಅಡುಗೆ ಆಟದ ಸಾಮಾನು ಕೊಡಬಹುದಾ?

ಉತ್ತರ: ಕೊಡಿ. ಅವನು ಬಡಿಸಿದ್ದನ್ನು ಅಪ್ಪನೂ ಕೂತು ಉಣ್ಣಲಿ.