ಅಕ್ಕಿ ಬಿಟ್ಟು ಕಾಡಿಗೆ ಹೊರಟವರಿಗೆ

ಮಳೆ ಹಿಡಿಯಿತು ಅಂದರೆ ನನಗೆ ಇವೇ ಪ್ರಶ್ನೆಗಳು ಬರಲು ಶುರು. ಒಂದಕ್ಕೆ ಈ ಸಲ ಪೂರ್ತಿ ಉತ್ತರ ಬರೆಯುತ್ತೇನೆ. ಉಳಿದವಕ್ಕೆ ಚುಟುಕಾಗಿ ಹೇಳಿದರೆ ಸಾಕು.

ಪ್ರಶ್ನೆ: ಸರ್, ಆಗಸ್ಟ್‌ನಲ್ಲಿ ನಾವು ನಾಲ್ಕು ಜನ ಗೆಳೆಯರು ಸಕಲೇಶಪುರದ ಕಡೆ ಮೂರು ದಿನ ಟೆಂಟ್ ಹಾಕುತ್ತೇವೆ. ಊಟ ಒಯ್ಯುವುದಿಲ್ಲ. ಚಾಕು, ಪಾತ್ರೆ, ಉಪ್ಪು, ಬೆಂಕಿಪೊಟ್ಟಣ ಅಷ್ಟೇ. ಕಾಡಿನಲ್ಲಿ ಸಿಗುವ ಸೊಪ್ಪು, ಅಣಬೆ, ಗೆಡ್ಡೆ ಯಾವುದು ತಿನ್ನಬಹುದು? ಒಂದು ಪಟ್ಟಿ ಕೊಡಿ. (ಬೆಂಗಳೂರಿನ ಓದುಗರು)

ಪಟ್ಟಿ ಕೊಡುವುದಿಲ್ಲ. ಪಟ್ಟಿ ನೋಡಿ ಗಿಡ ತಿಂದವರನ್ನು ಆಸ್ಪತ್ರೆಗೆ ಸಾಗಿಸಿದವನು ನಾನು.

ಮೊದಲು ಹೊಟ್ಟೆಯ ಲೆಕ್ಕ ನೋಡಿ. ಬೆಟ್ಟ ಹತ್ತಿ ಇಳಿಯುವ ಒಬ್ಬರಿಗೆ ದಿನಕ್ಕೆ ಹತ್ತಿರಹತ್ತಿರ 2800 ಕ್ಯಾಲೊರಿ ಬೇಕು. ಸೊಪ್ಪಿನಲ್ಲಿ 100 ಗ್ರಾಂಗೆ ಸಿಗುವುದು 25ರಿಂದ 40. ಅಂದರೆ ಒಬ್ಬರೇ ದಿನಕ್ಕೆ ಏಳರಿಂದ ಹನ್ನೊಂದು ಕೆಜಿ ಸೊಪ್ಪು ತಿನ್ನಬೇಕು. ಅಷ್ಟೇ ಶಕ್ತಿ 800 ಗ್ರಾಂ ಅಕ್ಕಿಯಲ್ಲಿದೆ. ಕಾಡಿನ ಜೊತೆಗೇ ಬದುಕಿದ ಸೋಲಿಗರು ಕೂಡ ಬರೀ ಸೊಪ್ಪು ಸದೆ ನಂಬಿ ಕೂತವರಲ್ಲ, ರಾಗಿ ಬೆಳೆಯುತ್ತಿದ್ದರು, ಯಾವ ಗೆಣಸು ಯಾವ ತಿಂಗಳಲ್ಲಿ ಎಲ್ಲಿ ಬಲಿಯುತ್ತದೆ ಅಂತ ಅಪ್ಪ ಅಮ್ಮನ ಹಿಂದೆ ಓಡಾಡಿ ಕಲಿತಿದ್ದರು. ಅದನ್ನು ಮೂರು ದಿನದಲ್ಲಿ ಯಾರೂ ಕಲಿಯಲಾರರು.

ಈಗ ಕಳಲೆಗೆ, ಅಂದರೆ ಎಳೆ ಬಿದಿರಿನ ಮೊಳಕೆಗೆ ಬನ್ನಿ. ಎಲ್ಲರೂ ಕೇಳುವುದು ಅದನ್ನೇ. ನಮ್ಮಜ್ಜಿ ಕಳಲೆ ತಂದ ದಿನ ಹೊರಗಿನ ಸಿಪ್ಪೆ ಒಂದೊಂದಾಗಿ ಬಿಡಿಸಿ, ಬಿಳಿ ತಿರುಳನ್ನು ತೆಳ್ಳಗೆ ಹೆಚ್ಚಿ, ಬಕೆಟ್ ನೀರಿಗೆ ಹಾಕಿ, ಮೇಲೆ ತಟ್ಟೆ ಮುಚ್ಚಿ ಬಚ್ಚಲಮನೆ ಮೂಲೆಯಲ್ಲಿ ಇಡುತ್ತಿದ್ದರು. ದಿನಾ ಬೆಳಿಗ್ಗೆ ಆ ನೀರು ಚೆಲ್ಲಿ ಹೊಸ ನೀರು. ಮೂರನೇ ದಿನ ತಟ್ಟೆ ತೆಗೆದರೆ ಹುಳಿ ವಾಸನೆ ಮನೆಯೆಲ್ಲ ಹಬ್ಬುತ್ತಿತ್ತು. ಆಮೇಲೇ ಅದು ಒಲೆಗೆ ಹೋಗುತ್ತಿದ್ದದ್ದು. ಇದು ಸುಮ್ನೆ ಮಾಡಿಕೊಂಡ ಶಾಸ್ತ್ರ ಅಲ್ಲ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ, ನೆನೆಸಿ, ನೀರು ಬದಲಿಸಿ, ಬೇಯಿಸಿದರೆ ಅದು ಹೋಗುತ್ತದೆ. ನೀವು ಹೋದ ದಿನವೇ ಕಳಲೆ ಕುಯ್ದರೂ ಅದು ತಿನ್ನಲು ಬರುವ ಹೊತ್ತಿಗೆ ವಾಪಸ್ ಬಸ್ ಹತ್ತಿರುತ್ತೀರಿ.

ಕೆಸುವೂ ಹಾಗೇ. ಕೆಲವು ವರ್ಷದ ಹಿಂದೆ ಒಂದು ಶಿಬಿರದಲ್ಲಿ ಒಬ್ಬ ಹುಡುಗ ಹಳ್ಳದ ಬದಿಯ ಕೆಸುವಿನೆಲೆ ಕಿತ್ತು, ಬರೀ ಉಪ್ಪು ಹಾಕಿ ಹತ್ತು ನಿಮಿಷ ಬೇಯಿಸಿ ತಿಂದ. ಎರಡು ತುತ್ತಿಗೇ ಗಂಟಲು ಹಿಡಿದುಕೊಂಡು ಕೂತ. ತುಟಿ ಊದಿತು, ಎಂಜಲು ನುಂಗಲೂ ಆಗದೆ ಬಾಯಿಂದ ಸುರಿಯುತ್ತಿತ್ತು. ಕೆಸುವಿನಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ, ಅವು ಬಾಯಿ ಗಂಟಲಿಗೆ ಚುಚ್ಚಿಕೊಳ್ಳುತ್ತವೆ. ಪತ್ರೊಡೆಗೆ ಅಷ್ಟು ಹುಣಸೆಹುಳಿ ಹಾಕಿ ಅಷ್ಟು ಹೊತ್ತು ಬೇಯಿಸುವುದು ಯಾಕೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಗೆಡ್ಡೆ ಅಗೆಯುತ್ತೇನೆ ಅನ್ನುವವರೇ, ಗೌರಿ ಹೂವಿನ ಬಳ್ಳಿ ಗೊತ್ತಲ್ವಾ? ಹಬ್ಬದ ಹೊತ್ತಿಗೆ ಕೆಂಪು ಹಳದಿ ಬೆಂಕಿಯ ಹಾಗೆ ಅರಳುತ್ತದೆ, ಅಗ್ನಿಶಿಖೆ ಅಂತಲೂ ಹೆಸರು. ಅದರ ಗೆಡ್ಡೆ ನೋಡಲು ಗೆಣಸಿನ ಹಾಗೇ ಇರುತ್ತದೆ. ಗೆಣಸು ಅಂತಲೇ ತಿಂದು ಸತ್ತವರಿದ್ದಾರೆ. ಅದರಲ್ಲಿರುವ ಕಾಲ್ಚಿಸಿನ್ ಅನ್ನುವ ವಿಷ ಬೇಯಿಸಿದರೂ ಬಿಡುವುದಿಲ್ಲ.

ಇನ್ನು ಅಣಬೆ. ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಬೆಳ್ಳಿ ನಾಣ್ಯ ಹಾಕಿ ಕುದಿಸಿ, ಕಪ್ಪಾಗದಿದ್ದರೆ ತಿನ್ನಿ. ಬೆಳ್ಳುಳ್ಳಿ ಬಣ್ಣ ಬದಲಾಗದಿದ್ದರೆ ತಿನ್ನಿ. ಹುಳ ತಿಂದ ಗುರುತಿದ್ದರೆ ನಾವೂ ತಿನ್ನಬಹುದು. ಮೂರೂ ಸುಳ್ಳು. ಕ್ಯಾಮೆರಾ ಮುಂದೆ ನಿಂತು ಇದನ್ನು ಹೇಳಿಕೊಡುವವರು ಜನರ ಜೀವದ ಜೊತೆ ಆಡುತ್ತಿದ್ದಾರೆ. ಅಮಾನಿಟಾ ಗುಂಪಿನ ವಿಷದ ಅಣಬೆ ತಿಂದರೆ ಆರರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ ಹೊತ್ತು, ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ. ಮರುದಿನ ಸ್ವಲ್ಪ ಆರಾಮ ಅನಿಸುತ್ತದೆ. ಆ ಆರಾಮದ ಹೊತ್ತಿನಲ್ಲೇ ಲಿವರ್ ಹಾಳಾಗುತ್ತಿರುತ್ತದೆ. ಅದಕ್ಕೇ 'ಸ್ವಲ್ಪ ತಿಂದು ನೋಡಿ, ಏನೂ ಆಗದಿದ್ದರೆ ಮುಂದುವರಿಸಿ' ಅನ್ನುವ ಪರೀಕ್ಷೆ ಅಣಬೆಗೆ ಯಾವತ್ತೂ ಬೇಡ. ಮಲೆನಾಡಿನವರು ಹುತ್ತದ ಅಣಬೆ ತಿನ್ನುತ್ತಾರೆ, ನಿಜ. ಅವರು ವರ್ಷವರ್ಷವೂ ಅದೇ ಜಾಗಕ್ಕೆ ಹೋಗಿ, ಬುಡ ನೆಲದೊಳಗೆ ಬೇರಿನ ಹಾಗೆ ಉದ್ದಕ್ಕೆ ಇಳಿದಿದೆಯಾ ಅಂತ ನೋಡಿ ಕೀಳುತ್ತಾರೆ. ಸಂಶಯ ಬಂದದ್ದನ್ನು ಅಲ್ಲೇ ಬಿಟ್ಟು ಬರುತ್ತಾರೆ.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಂತೂ ಅನುಮತಿ ಇಲ್ಲದೆ ಹೋಗುವುದು, ಗಿಡ ಕೀಳುವುದು, ಬೆಂಕಿ ಹಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಕಾಯಿ ತರುವ ತಮ್ಮ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಪಡೆದುಕೊಂಡರು. ಆ ಹಕ್ಕು ಅವರದು, ಟೆಂಟ್ ಹೊತ್ತು ಬಂದ ನಮ್ಮದಲ್ಲ.

ಆಸೆ ತಪ್ಪಲ್ಲ, ದಾರಿ ಬದಲಿಸಿ. ಪರಿಚಯದವರ ತೋಟದಲ್ಲಿ ಟೆಂಟ್ ಹಾಕಿ. ಅಕ್ಕಿ, ಬೇಳೆ, ಬೆಲ್ಲ ಒಯ್ಯಿರಿ. ಆ ಮನೆಯ ಅಮ್ಮನ ಜೊತೆ ಒಂದು ಬೆಳಿಗ್ಗೆ ಗದ್ದೆ ಬದಿಗೆ ಹೋಗಿ ಒಂದೇ ಒಂದು ಗಿಡ ಕಲಿಯಿರಿ. ಒಂದೆಲಗ ಆದರೆ ಒಳ್ಳೆಯದು. ಎಲೆಯ ಆಕಾರ, ತೊಟ್ಟು, ಗಂಟುಗಂಟಿಗೂ ಬೇರು ಬಿಟ್ಟು ಹರಡುವ ರೀತಿ ಎಲ್ಲ ಕೈಯಲ್ಲಿ ಹಿಡಿದು ನೋಡಿ. ಒಳ್ಳೆ ನೀರಿನಲ್ಲಿ ತೊಳೆದು, ಬಾಡಿಸಿ, ಕಾಯಿ ಮಜ್ಜಿಗೆ ಹಾಕಿ ತಂಬುಳಿ ಮಾಡಿ ಅನ್ನಕ್ಕೆ ಕಲಸಿ ಉಣ್ಣಿ. ಮುಂದಿನ ಮಳೆಗಾಲಕ್ಕೆ ಇನ್ನೊಂದು ಗಿಡ.

ಕೋತಿ, ಹಕ್ಕಿ ತಿನ್ನುವ ಹಣ್ಣು ನಾವೂ ತಿನ್ನಬಹುದಲ್ಲವೇ?

ಇಲ್ಲ. ಕಾಸರಕನ ಹಣ್ಣನ್ನು ಮಂಗಟ್ಟೆ ಹಕ್ಕಿ ತಿನ್ನುತ್ತದೆ, ಅದರ ಬೀಜದಲ್ಲಿರುವುದು ಸ್ಟ್ರಿಕ್ನಿನ್ ಅನ್ನುವ ವಿಷ.

ಮಳೆಯಲ್ಲಿ ಕಡ್ಡಿ ಉಜ್ಜಿ ಬೆಂಕಿ ಮಾಡುವುದು ಹೇಗೆ?

ಎರಡು ಲೈಟರ್ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಒಯ್ಯಿರಿ.

ಹರಿಯುವ ತಿಳಿನೀರು ಹಾಗೇ ಕುಡಿಯಬಹುದಾ?

ಕುದಿಸಿ. ಮೇಲೆ ದನ ಇಳಿದಿದೆಯೋ, ಇಲಿ ಸತ್ತಿದೆಯೋ ನಿಮಗೆ ಕಾಣುವುದಿಲ್ಲ.

ಹಾವು ಕಚ್ಚಿದರೆ ಯಾವ ಬೇರು ಅರೆದು ಹಚ್ಚಬೇಕು?

ಯಾವುದೂ ಬೇಡ. ವಿಷ ಇಳಿಸುವ ಬೇರು ಅಂತ ಮಾರುವವರು ಕೊಲೆಗೆ ಸಮನಾದ ಕೆಲಸ ಮಾಡುತ್ತಿದ್ದಾರೆ. ಬಿಗಿಯಾಗಿ ಕಟ್ಟಬೇಡಿ, ಕುಯ್ಯಬೇಡಿ, ಬಾಯಲ್ಲಿ ಹೀರಬೇಡಿ. ಕೈಕಾಲು ಅಲ್ಲಾಡದಂತೆ ಇಟ್ಟು, ನಡೆಸದೆ ಹೊತ್ತುಕೊಂಡು, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಹೋಗಿ.

ಡಿಸೆಂಬರ್‌ನಲ್ಲಿ ಸಾಗರದ ಕಡೆ ಹೋಗುತ್ತೇವೆ. ಒಣಗಿದ ಎಲೆ ಹಾಸಿ ಮಲಗಬಹುದಾ?

ಖಂಡಿತ ಬೇಡ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅದನ್ನು ಹರಡುವ ಉಣ್ಣೆ ಹುಳಗಳು ಇರುವುದು ಆ ತರಗೆಲೆಯಲ್ಲೇ, ಕಾಟ ಜಾಸ್ತಿ ಆಗುವುದೂ ಡಿಸೆಂಬರ್‌ನಿಂದ ಮೇವರೆಗೆ. ತುಂಬು ತೋಳಿನ ಬಟ್ಟೆ ಹಾಕಿ, ಪ್ಯಾಂಟನ್ನು ಸಾಕ್ಸ್ ಒಳಗೆ ತೂರಿಸಿ, ಸಂಜೆ ಮೈಯೆಲ್ಲ ನೋಡಿಕೊಳ್ಳಿ. ಸುತ್ತಮುತ್ತ ಎಲ್ಲಾದರೂ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಆ ರಾತ್ರಿಯೇ ಟೆಂಟ್ ಕಿತ್ತು ಹೊರಟುಬಿಡಿ.