ಮನೆ ಜೆಕ್ಸ್‌ನಲ್ಲಿ, ಸಂಬಳ ಜಿನೀವಾದಲ್ಲಿ

ನಿಮ್ಮ ಮಗ ಫ್ರಾನ್ಸಿನ ಜೆಕ್ಸ್‌ನಲ್ಲಿ ಬಾಡಿಗೆ ಮನೆ ಮಾಡಿದ್ದಾನೆ, ದಿನಾ ಗಡಿ ದಾಟಿ ಜಿನೀವಾಕ್ಕೆ ಕೆಲಸಕ್ಕೆ ಹೋಗುತ್ತಾನೆ, ಇದೆಂಥ ಏರ್ಪಾಡು, ತೆರಿಗೆ ಯಾರಿಗೆ ಎಂದು ದಾವಣಗೆರೆಯಿಂದ ಕೇಳಿದ್ದೀರಿ.

ಜೆಕ್ಸ್ ಒಂದು 'ಅರೋಂದಿಸ್ಮಾ'. ನಮ್ಮಲ್ಲಿ ಎಸಿ ನೋಡಿಕೊಳ್ಳುವ ಉಪವಿಭಾಗ ಇದೆಯಲ್ಲ, ಹೆಚ್ಚುಕಡಿಮೆ ಹಾಗೆ. ಜಿಲ್ಲೆಯ ಹೆಸರು ಏಂ. ನಕಾಶೆ ತೆಗೆದು ನೋಡಿ. ಜಿಲ್ಲಾ ಕೇಂದ್ರ ಬೂರ್ಗ್-ಆನ್-ಬ್ರೆಸ್ ಇರುವುದು ಜೂರಾ ಬೆಟ್ಟಗಳ ಆಚೆ. ಅಲ್ಲಿಗೆ ಹೋಗಬೇಕಾದರೆ ಬೆಟ್ಟ ಹತ್ತಿಳಿಯಬೇಕು, ಇಲ್ಲವೇ ಸುತ್ತು ಹಾಕಬೇಕು. ಜಿನೀವಾ ಮಾತ್ರ ಎದುರಿನ ಬಯಲಲ್ಲೇ ಇದೆ. ಸರ್ಕಾರಿ ಕಾಗದ ಬೆಟ್ಟದ ಆಚೆಯಿಂದ, ಅನ್ನ ಈಚೆಯಿಂದ.

ಇದು ಇವತ್ತಿನ ಕಥೆಯಲ್ಲ. ನೆಪೋಲಿಯನ್ ಸೋತ ಮೇಲೆ, 1815ರಲ್ಲಿ, ಜೆಕ್ಸ್ ಸೀಮೆಯ ವೆರ್ಸ್ವಾ ಸೇರಿ 6 ಊರುಗಳು ಜಿನೀವಾಕ್ಕೆ ಹೋದವು. ಉಳಿದದ್ದು ಫ್ರಾನ್ಸಿನಲ್ಲೇ ಉಳಿಯಿತು, ಆದರೆ ಫ್ರೆಂಚ್ ಸುಂಕದ ಗಡಿ ಬೆಟ್ಟದ ಕಡೆಗೆ ಹಿಂದೆ ಸರಿಯಿತು. ಜೆಕ್ಸ್‌ನ ಹಾಲು, ತರಕಾರಿ ಸುಂಕದ ಕಾಟವಿಲ್ಲದೆ ಜಿನೀವಾ ಪಟ್ಟಣಕ್ಕೆ ಹೋಗುತ್ತಿದ್ದವು. 1923ರಲ್ಲಿ ಫ್ರಾನ್ಸ್ ಸುಂಕದ ಕಟ್ಟೆಯನ್ನು ಮತ್ತೆ ದೇಶದ ಗಡಿಗೇ ತಂದಿತು. ಸ್ವಿಸ್ಸರು ಬಿಡಲಿಲ್ಲ. ಹೇಗ್‌ನಲ್ಲಿ ಆಗ ಇದ್ದ ಕಾಯಂ ಅಂತರರಾಷ್ಟ್ರೀಯ ನ್ಯಾಯಾಲಯ 1932ರಲ್ಲಿ ಅವರ ಪರವಾಗಿ ತೀರ್ಪು ಕೊಟ್ಟಿತು. ಹಾಲು, ತರಕಾರಿಗೋಸ್ಕರ ಎರಡು ದೇಶ ಕೋರ್ಟಿಗೆ ಹೋದವು ಅಂದರೆ ನಗು ಬರುತ್ತದೆ, ಅಲ್ವಾ? ಆದರೆ ಅದನ್ನು ತಿನ್ನುತ್ತಿದ್ದದ್ದು ಒಂದು ಇಡೀ ಪಟ್ಟಣ.

ಗಡಿಯ ಉಪಯೋಗವನ್ನು ಇವರೆಲ್ಲರಿಗಿಂತ ಮೊದಲೇ ಕಂಡುಕೊಂಡವನು 18ನೇ ಶತಮಾನದ ಫ್ರೆಂಚ್ ಲೇಖಕ ವೋಲ್ಟೇರ್. ಇಲ್ಲಿನ ಫೆರ್ನೆಯಲ್ಲಿ ಜಮೀನು ಕೊಂಡು ಸುಮಾರು 20 ವರ್ಷ ಇದ್ದ. ಪ್ಯಾರಿಸ್ ಮುನಿದರೆ ಜಿನೀವಾ ಹತ್ತಿರ, ಜಿನೀವಾದ ಪಾದ್ರಿಗಳು ಮುನಿದರೆ ತಾನು ಫ್ರಾನ್ಸಿನಲ್ಲಿದ್ದೇನೆ. ಜಾಣ!

ಈಗ ತೆರಿಗೆ. ಜಿನೀವಾ ಸಂಬಳದಲ್ಲೇ ಹಿಡಿದುಕೊಳ್ಳುತ್ತದೆ. 1973ರ ಒಪ್ಪಂದದಂತೆ, ಹೀಗೆ ಬಂದು ಹೋಗುವವರ ಒಟ್ಟು ಸಂಬಳದ ಶೇ. 3.5ರಷ್ಟನ್ನು ಏಂ ಮತ್ತು ಓತ್-ಸವ್ವಾ ಜಿಲ್ಲೆಗಳಿಗೆ ಕೊಡುತ್ತದೆ. ನಿಮ್ಮ ಮಗ ಓಡಾಡುವ ರಸ್ತೆ, ಮಕ್ಕಳು ಓದುವ ಶಾಲೆ ಎಲ್ಲಾ ಫ್ರಾನ್ಸಿನದು ತಾನೆ? ಹಾಗಾಗಿ ಇದನ್ನು ದಾನ ಅನ್ನಬೇಡಿ. ನನ್ನ ಬೇಸರ ಬೇರೆ. ಸ್ವಿಸ್ ಫ್ರಾಂಕಿನಲ್ಲಿ ಸಂಬಳ ಪಡೆಯುವವರಿಂದ ಜೆಕ್ಸ್‌ನಲ್ಲಿ ಬಾಡಿಗೆ ಏರಿದೆ. ಯೂರೋದಲ್ಲಿ ಸಂಬಳ ಪಡೆಯುವ ಅಲ್ಲಿನ ಮೇಷ್ಟ್ರು, ನರ್ಸುಗಳಿಗೆ ಮನೆ ಮಾಡುವುದೇ ಕಷ್ಟ. ನರ್ಸುಗಳಂತೂ ಗಡಿಯಾಚೆಯ ಆಸ್ಪತ್ರೆಗೇ ಹೊರಟುಬಿಡುತ್ತಾರೆ.

ನೀವು ಹೋಗುವುದಾದರೆ ಷೆಂಗೆನ್ ವೀಸಾ ಒಂದೇ ಎರಡೂ ಕಡೆಗೆ ಸಾಕು. ಆದರೆ ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿಲ್ಲ, ಸಾಮಾನಿಗೆ ಕಸ್ಟಮ್ಸ್ ಉಂಟು. ಫ್ರಾನ್ಸಿನಲ್ಲಿ ಮಾಂಸ ಅಗ್ಗವೆಂದು ಚೀಲ ತುಂಬಿಕೊಂಡು ಜಿನೀವಾಕ್ಕೆ ಹೊರಡಬೇಡಿ. ಸುಂಕವಿಲ್ಲದೆ ಬಿಡುವುದು ಒಬ್ಬರಿಗೆ 1 ಕಿಲೋ ಮಾತ್ರ.

– ಸಂ.