ಪಕ್ಕದ ಹೊಲಕ್ಕೆ ಬೆಳೆ ಪರಿಹಾರ ಬಂತು, ನನಗೆ ಯಾಕಿಲ್ಲ?

ಅಣ್ಣಾ, ಒಂದೇ ಮಳೆಗೆ ಎರಡೂ ಹೊಲದ ತೊಗರಿ ಹೋಯ್ತು, ಪಕ್ಕದವರಿಗೆ ದುಡ್ಡು ಜಮಾ ಆಯ್ತು, ನಿಮಗಿಲ್ಲ ಅಂತ ಕೇಳಿದ್ರಿ. ಯಾರನ್ನೋ ಬೈಯೋ ಮೊದಲು ದಾಖಲೆ ನೋಡಿ. ಈಗ ದುಡ್ಡು ಸರ್ಕಾರದ ‘ಪರಿಹಾರ’ ಅನ್ನೋ ತಂತ್ರಾಂಶದಿಂದ ನೇರ ಖಾತೆಗೆ ಬರೋದು. ಮಧ್ಯದ ಕೈಗಳು ಕಡಿಮೆಯಾದವು ನಿಜ, ಆದರೆ ದಾಖಲೆ ಹೊಂದದಿದ್ದರೆ ಹೊಲದಲ್ಲಿ ಎದೆಮಟ್ಟ ನೀರು ನಿಂತಿದ್ದರೂ ಕಂಪ್ಯೂಟರಿಗೆ ಕಾಣಲ್ಲ.

ಮೊದಲು, ಬೆಳೆ ಸಮೀಕ್ಷೆಯಲ್ಲಿ ಏನು ದಾಖಲಾಗಿದೆ ಅಂತ ತೋರಿಸೋ ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರು, ಹಿಸ್ಸಾ ಹಾಕಿ ನೋಡಿ. ಸಮೀಕ್ಷೆಯವರು ಬಿತ್ತೋ ಮುಂಚೆಯೇ ಫೋಟೋ ತೆಗೆದು ‘ಪಾಳು’ ಅಂತ ಬರೆದಿರೋದುಂಟು. ಪೋಡಿ ಆಗದ (ಪಾಲು ಅಳೆದು ಬೇರೆ ಮಾಡದ) ಜಮೀನಲ್ಲಿ ಅಣ್ಣನ ಬೆಳೆ ತಮ್ಮನ ಹೆಸರಿಗೆ ಕೂತಿರೋದೂ ಉಂಟು. ಆಕ್ಷೇಪಣೆಗೆ ಅವಧಿ ಇರುತ್ತೆ, ಅದರೊಳಗೇ ಹಾಕಬೇಕು.

ಆಮೇಲೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ. ಐಡಿ ಇದ್ದರೆ ಸಾಲದು, ಎಲ್ಲಾ ಪಹಣಿ ಅದಕ್ಕೆ ಸೇರಿರಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ಸೇರಿಸ್ತಾರೆ. ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲಿದ್ದರೆ ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಾವಣೆ) ಮಾಡಿಸದೆ ಬೇರೆ ದಾರಿಯಿಲ್ಲ. ಗೇಣಿಗೆ ಮಾಡುವವರ ಕಥೆ ಇನ್ನೂ ಕಷ್ಟ, ದುಡ್ಡು ಪಹಣಿದಾರರಿಗೇ ಹೋಗುತ್ತೆ. ನನ್ನ ಪ್ರಕಾರ ಈ ಸುಧಾರಣೆಯ ದೊಡ್ಡ ತೂತು ಇದೇ.

ಬ್ಯಾಂಕನ್ನೂ ನೋಡಿ. ಆಧಾರ್ ಕೊನೆಯದಾಗಿ ಮ್ಯಾಪ್ ಆದ (ಜೋಡಣೆಯಾದ) ಖಾತೆಗೇ ಹಣ ಬೀಳೋದು. ಸೊಸೈಟಿ ಪಾಸ್‌ಬುಕ್ ಎಂಟ್ರಿ ಮಾಡಿಸ್ತಾ ಕೂತರೆ, ಗ್ಯಾಸ್ ಸಬ್ಸಿಡಿಗೆ ಅಂತ ತೆರೆದು ಮರೆತ ಖಾತೆಯಲ್ಲಿ ದುಡ್ಡು ಇರಬಹುದು.

ಮೊತ್ತದ ಲೆಕ್ಕ: 2022-26ರ ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಪರಿಹಾರ ನಿಧಿ) ಮಾನದಂಡದಲ್ಲಿ ನಷ್ಟ ಶೇ. 33 ಅಥವಾ ಹೆಚ್ಚಿರಬೇಕು (2015ಕ್ಕೂ ಮೊದಲು ಶೇ. 50 ಇತ್ತು). ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ 8,500, ನೀರಾವರಿಗೆ 17,000, ಬಹುವಾರ್ಷಿಕಕ್ಕೆ 22,500 ರೂ., ಗರಿಷ್ಠ 2 ಹೆಕ್ಟೇರ್. ಅಂದರೆ ಮಳೆಯಾಶ್ರಿತ ಎಕರೆಗೆ ಸುಮಾರು 3,400. ಬೀಜ ಗೊಬ್ಬರದ ಖರ್ಚೂ ಹುಟ್ಟಲ್ಲ ಅನ್ನೋದು ಬೇರೆ ಮಾತು. ನೀರಾವರಿ ಹೊಲ ಮಳೆಯಾಶ್ರಿತ ಅಂತ ನಮೂದಾಗಿದ್ದರೆ ಅರ್ಧ ಹೋಯ್ತು.

ಬೆಳೆ ವಿಮೆಗೂ ಇದಕ್ಕೂ ಸಂಬಂಧವಿಲ್ಲ. ವಿಮೆಯಲ್ಲಾದರೆ ಸ್ಥಳೀಯ ವಿಕೋಪಕ್ಕೆ 72 ಗಂಟೆಯೊಳಗೆ ದೂರು ಕೊಡಬೇಕು.

ಎಲ್ಲಾ ಸರಿಯಿದ್ದೂ ಬರದಿದ್ದರೆ ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಡಿ, ಪಹಣಿ, ಫೋಟೋ, ಆಧಾರ್ ಪ್ರತಿ ಲಗತ್ತಿಸಿ. ಸ್ವೀಕೃತಿ ಇಲ್ಲದೆ ಎದ್ದು ಬರಬೇಡಿ. ಆಗಲ್ಲ ಅಂದರೆ ಕಾರಣ ಬರೆದ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೇಳಿ.